ರಾಫ್ಟ್ ಗೇಮ್: ದ್ವೀಪದ ಹತ್ತಿರ ತೆಪ್ಪ ನಿಲ್ಲಿಸೋದು ಹೇಗೆ? ಎಸೆಯುವ ಆಂಕರ್ ಮಾಡಬೇಕಾ, ಕಾಯಬೇಕಾ?

ತೇಲುಮರ

ರಾಫ್ಟ್ (ಸಮುದ್ರದಲ್ಲಿ ತೆಪ್ಪದ ಮೇಲೆ ಬದುಕುಳಿಯುವ ಗೇಮ್) ಶುರು ಮಾಡಿ ಸ್ವಲ್ಪ ದಿನ ಆಯಿತು. ಒಬ್ಬನೇ ಆಡುತ್ತಿದ್ದೇನೆ, ನಾರ್ಮಲ್ ಮೋಡ್. ನೀರು, ಊಟ, ರಿಸರ್ಚ್ ಟೇಬಲ್ (ಸಾಮಾನು ಕೊಟ್ಟು ಹೊಸ ಐಟಂ ಮಾಡಲು ಕಲಿಯುವ ಮೇಜು) ಎಲ್ಲ ಒಂದು ಹದಕ್ಕೆ ಬಂದಿದೆ. ಒಂದು ಹಾಯಿ ಇದೆ, ಹುಟ್ಟೂ ಇದೆ.

ತೊಂದರೆ ಇರುವುದು ದ್ವೀಪ ಕಂಡಾಗ. ಹಾಯಿ ಮಡಚಿದರೂ ತೆಪ್ಪ ತನ್ನ ಪಾಡಿಗೆ ತಾನು ಸಾಗುತ್ತಲೇ ಇರುತ್ತದೆ. ನೀರಿಗೆ ಹಾರಿ ಒಂದೆರಡು ಕಲ್ಲು ಕಿತ್ತು ತಲೆ ಎತ್ತಿ ನೋಡಿದರೆ ತೆಪ್ಪ ಆಗಲೇ ದ್ವೀಪದ ಆ ಕಡೆಗೆ ಹೋಗಿರುತ್ತದೆ. ಮತ್ತೆ ಅದರ ಹಿಂದೆ ಈಜಬೇಕು, ನನ್ನ ಹಿಂದೆ ಶಾರ್ಕ್.

ಎಸೆಯುವ ಆಂಕರ್ (ಲಂಗರು) ಒಂದು ಸಲಕ್ಕೆ ಮಾತ್ರ ಅಂತ ಗೊತ್ತಾಯಿತು. ಎಸೆದು, ಕೆಲಸ ಮುಗಿಸಿ, ಬಿಚ್ಚಿದರೆ ಹೋಯಿತು, ಕೈಗೆ ವಾಪಸ್ ಬರುವುದಿಲ್ಲ. ಪ್ರತಿ ದ್ವೀಪಕ್ಕೂ ಒಂದೊಂದು ಮಾಡಿ ನೀರಿಗೆ ಬಿಡುವುದು ದಂಡ ಅನಿಸುತ್ತದೆ. ತೆಪ್ಪದಲ್ಲೇ ಇದ್ದು ಮತ್ತೆ ಮತ್ತೆ ಬಳಸುವ ಕಾಯಂ ಆಂಕರ್ ಸಿಗುವವರೆಗೆ ನೀವೆಲ್ಲ ಏನು ಮಾಡಿದಿರಿ?

ಕೊಕ್ಕೆರಾಜ

ಎಸೆಯುವ ಆಂಕರ್ ಮಾಡಲೇಬೇಡಿ ಗುರು. ದ್ವೀಪವೇ ನಿಮ್ಮ ಆಂಕರ್.

ಮಾಡಬೇಕಾದ್ದು ಇಷ್ಟೆ. ದ್ವೀಪ ದೂರದಲ್ಲಿ ಕಂಡ ಕೂಡಲೇ ಹಾಯಿ ತಿರುಗಿಸಿ ಅದರ ನೇರಕ್ಕೆ ಬನ್ನಿ. ಗಾಳಿ ಯಾವ ಕಡೆಗೆ ಬೀಸುತ್ತಿದೆ ಅಂತ ತಿಳಿಯಲು ಒಂದು ಸ್ಟ್ರೀಮರ್ ನೆಟ್ಟುಕೊಳ್ಳಿ, ಆ ಬಟ್ಟೆಪಟ್ಟಿ ನೋಡಿದರೆ ಗೊತ್ತಾಗುತ್ತದೆ. ದ್ವೀಪಕ್ಕೆ ಗಾಳಿ ಬರುವ ಮಗ್ಗುಲಿನಿಂದ ಬರಬೇಕು. ಆಗ ಗಾಳಿ ತೆಪ್ಪವನ್ನು ದ್ವೀಪದ ಕಡೆಗೇ ಒತ್ತುತ್ತದೆ. ತೆಪ್ಪ ಬಂಡೆಗೆ ತಾಗಿದ ಮೇಲೆ ಎಲ್ಲರೂ ಅಭ್ಯಾಸಬಲದಿಂದ ಹಾಯಿ ಮಡಚುತ್ತಾರೆ. ಅಲ್ಲೇ ಕೆಡುವುದು. ಮಡಚಬೇಡಿ. ಹಾಯಿ ದ್ವೀಪದ ಕಡೆ ಮುಖ ಮಾಡಿ ಬಿಚ್ಚಿಯೇ ಇರಲಿ. ತೆಪ್ಪ ಬಂಡೆಗೆ ಒತ್ತಿಕೊಂಡು ನಿಂತಿರುತ್ತದೆ.

ಒಂದು ಮಾತು: ಮೂಲೆ ತಾಗಿದರೆ ನಿಲ್ಲುವುದಿಲ್ಲ. ಮೂಲೆ ಬಂಡೆಗೆ ತಾಗಿ, ತೆಪ್ಪ ಸುತ್ತು ತಿರುಗಿ, ಪಕ್ಕಕ್ಕೆ ಜಾರಿ ಹೋಗುತ್ತದೆ. ಅಗಲವಾದ ಮಗ್ಗುಲಿನ ನಡುಭಾಗ ತಾಗಬೇಕು.

ಸುಮ್ನೆ_ನೋಡುವವ

ಇದು ನಿಜ. ಹಾಯಿ ಬಿಚ್ಚಿಟ್ಟರೆ ನಿಲ್ಲುತ್ತದೆ ಅನ್ನುವುದೇ ತುಂಬಾ ಜನರಿಗೆ ಹೊಳೆಯುವುದಿಲ್ಲ.

ಉಪ್ಪುನೀರು

ಕೊಕ್ಕೆರಾಜರ ಉಪಾಯ ಒಳ್ಳೆಯದೇ, ಆದರೆ "ಮಾಡಲೇಬೇಡಿ" ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಲೆಕ್ಕ ನೋಡಿ. ಕಾಯಂ ಆಂಕರ್ ಬೇಕು ಅಂದರೆ ಲೋಹ ಬೇಕು. ಲೋಹದ ಅದಿರನ್ನು ಕರಗಿಸಲು ಸ್ಮೆಲ್ಟರ್ ಬೇಕು. ಸ್ಮೆಲ್ಟರ್‌ಗೆ ಆರು ಒಣಗಿದ ಇಟ್ಟಿಗೆ ಬೇಕು. ಒಂದು ಹಸಿ ಇಟ್ಟಿಗೆಗೆ ಎರಡು ಮರಳು, ಎರಡು ಜೇಡಿಮಣ್ಣು. ಅಂದರೆ ಬರೀ ಸ್ಮೆಲ್ಟರ್‌ಗೇ 12 ಮರಳು, 12 ಜೇಡಿಮಣ್ಣು. ರಿಸರ್ಚ್ ಟೇಬಲ್‌ಗೆ ಕೊಡುವ ಇಟ್ಟಿಗೆ ಬೇರೆ, ಅದು ಒಳಗೆ ಹೋದರೆ ವಾಪಸ್ ಬರುವುದಿಲ್ಲ. ಇದೆಲ್ಲ ಸಿಗುವುದು ಎಲ್ಲಿ? ದ್ವೀಪದ ಸುತ್ತ, ನೀರಿನ ತಳದಲ್ಲಿ. ಒಂದೊಂದನ್ನೂ ಕೊಕ್ಕೆ ಹಾಕಿ, ಬಟನ್ ಒತ್ತಿ ಹಿಡಿದು ಕೀಳಬೇಕು. ಉಸಿರು ಮುಗಿಯುತ್ತದೆ, ಮೇಲೆ ಬರಬೇಕು, ಮತ್ತೆ ಮುಳುಗಬೇಕು.

ಅಷ್ಟೂ ಹೊತ್ತು "ತೆಪ್ಪ ಇದೆಯೋ ಹೋಯಿತೋ" ಅಂತ ತಿರುಗಿ ತಿರುಗಿ ನೋಡುತ್ತಾ ಇದ್ದರೆ ಅರ್ಧ ಉಸಿರು ಅದಕ್ಕೇ ಹೋಗುತ್ತದೆ. ಎಸೆಯುವ ಆಂಕರ್‌ಗೆ ಬೇಕಾಗುವುದು ಕಲ್ಲು, ಹಗ್ಗ ಅಂಥ ಸಾಮಾನು. ಹಗ್ಗ ಅಂದರೆ ತಾಳೆ ಎಲೆ, ಎರಡು ಎಲೆಗೆ ಒಂದು ಹಗ್ಗ, ಸಮುದ್ರದ ತುಂಬ ತೇಲುತ್ತಾ ಬರುತ್ತದೆ. ಕಲ್ಲು ಅದೇ ದ್ವೀಪದ ತಳದಲ್ಲಿ ಬಿದ್ದಿರುತ್ತದೆ. ಅಂದರೆ ಈ ದ್ವೀಪದ ಕಲ್ಲು ಮುಂದಿನ ದ್ವೀಪದ ಆಂಕರ್. ಇದರಲ್ಲಿ ದಂಡ ಏನು ಬಂತು?

ಕೊಕ್ಕೆರಾಜ

ಕಲ್ಲು ಸುಲಭವಾಗಿ ಸಿಗುತ್ತದೆ ಅನ್ನುವುದು ಆಮೇಲಿನ ಮಾತು ಗುರು. ಶುರುವಿನಲ್ಲಿ ಕಲ್ಲಿಗೂ ಅದೇ ಪರದಾಟ. ಆಗ ಇರುವ ಹಗ್ಗ, ಹಲಗೆ ಎಲ್ಲ ತೆಪ್ಪ ದೊಡ್ಡದು ಮಾಡಲು, ಈಟಿ ಮಾಡಲು ಬೇಕು. ಶಾರ್ಕ್ ಬೇರೆ ಒಂದೊಂದೇ ಫೌಂಡೇಶನ್ (ತೆಪ್ಪದ ತಳದ ಚೌಕ) ಕಚ್ಚಿಕೊಂಡು ಹೋಗುತ್ತಿರುತ್ತದೆ.

ಉಪ್ಪುನೀರು

ಪ್ರತಿ ದ್ವೀಪಕ್ಕೂ ಎಸೆಯಿರಿ ಅಂತ ನಾನೂ ಹೇಳುತ್ತಿಲ್ಲ. ಒಂದು ಮರ, ನಾಲ್ಕು ಬಂಡೆ ಇರುವ ಚಿಕ್ಕ ದ್ವೀಪ ಆದರೆ ನಿಮ್ಮ ಥರವೇ ಒತ್ತಿ ನಿಲ್ಲಿಸಿದರೆ ಸಾಕು. ತಳದಲ್ಲಿ ಸಾಮಾನು ಜಾಸ್ತಿ ಇರುವ ದ್ವೀಪ ಸಿಕ್ಕರೆ ಮಾತ್ರ ಎಸೆಯಿರಿ. ಎಸೆದ ಮೇಲೆ ಅಲ್ಲಿನ ತಳ ಪೂರ್ತಿ ಬರಿದು ಮಾಡಿಯೇ ಹೊರಡಿ. ಬ್ಯಾಗ್ ತುಂಬಿದರೆ ತೆಪ್ಪಕ್ಕೆ ಬಂದು ಪೆಟ್ಟಿಗೆಗೆ ಸುರಿದು ಮತ್ತೆ ಹೋಗಿ. ಒಂದು ಆಂಕರ್‌ಗೆ ಅಷ್ಟು ಬೆಲೆ ವಸೂಲಾಗಬೇಕು.

ತೇಲುಮರ

ಹಾಗಾದರೆ ಒಂದನ್ನು ಮಾಡಿ ಕೈಯಲ್ಲಿ ಇಟ್ಟುಕೊಂಡಿರುತ್ತೇನೆ, ಒಳ್ಳೆ ದ್ವೀಪ ಬಂದಾಗ ಎಸೆಯುತ್ತೇನೆ.

ಇನ್ನೊಂದು ಪ್ರಶ್ನೆ. ಯೂಟ್ಯೂಬ್‌ನಲ್ಲಿ ನೋಡಿದ ಒಂದು ವಿಡಿಯೋದಲ್ಲಿ ತೋರಿಸುವುದು ನನ್ನ ಗೇಮ್‌ನಲ್ಲಿ ಇರುವುದಕ್ಕೆ ಹೊಂದುತ್ತಲೇ ಇಲ್ಲ. ಐಟಂಗಳೇ ಬೇರೆ ಥರ.

ಹಳೇಹಲಗೆ

ವಿಡಿಯೋದ ತಾರೀಖು ನೋಡಿ. ಈ ಗೇಮ್ ಸ್ವೀಡನ್‌ನ ಮೂವರು ವಿದ್ಯಾರ್ಥಿಗಳು ಶುರು ಮಾಡಿದ್ದು. 2016ರ ಕೊನೆಯಲ್ಲಿ ಇಚ್ ಡಾಟ್ ಐಒ ವೆಬ್‌ಸೈಟ್‌ನಲ್ಲಿ ಪುಕ್ಕಟೆ ಬಿಟ್ಟಿದ್ದರು. ಸ್ಟೀಮ್ ಅನ್ನುವ ಗೇಮ್ ಅಂಗಡಿಯಲ್ಲಿ ಅರ್ಲಿ ಆಕ್ಸೆಸ್ (ಪೂರ್ತಿ ಆಗುವ ಮುಂಚಿನ ಆವೃತ್ತಿ) ಬಂದದ್ದು 2018ರ ಮೇ 23ಕ್ಕೆ. ಪೂರ್ತಿ 1.0 ಆವೃತ್ತಿ 2022ರ ಜೂನ್ 20ಕ್ಕೆ. ಈ ನಡುವೆ ಒಂದೊಂದು ಅಪ್‌ಡೇಟ್‌ಗೂ ಐಟಂ, ಅದಕ್ಕೆ ಬೇಕಾಗುವ ಸಾಮಾನು, ಸಿಗುವ ಜಾಗ ಎಲ್ಲ ಬದಲಾಗುತ್ತಾ ಬಂದಿವೆ. 2018, 2019ರ ವಿಡಿಯೋ ನೋಡಿ "ಇಷ್ಟು ಕಲ್ಲು ಸಾಕು ಅಂದಿದ್ದರು" ಅಂತ ಜಗಳಕ್ಕೆ ಬರುವವರು ಇಲ್ಲಿ ತುಂಬಾ ಇದ್ದಾರೆ. ಗೇಮ್ ಒಳಗೆ ಕ್ರಾಫ್ಟಿಂಗ್ ಪಟ್ಟಿ ತೆರೆದು ನೋಡಿ, ಅದೇ ಸರಿ.

ಮುಳುಗುತಜ್ಞ

ಎಲ್ಲರೂ ತೆಪ್ಪದ ಬಗ್ಗೆಯೇ ಮಾತಾಡುತ್ತಿದ್ದೀರಿ, ಶಾರ್ಕ್ ಬಗ್ಗೆ ಯಾರೂ ಹೇಳಲಿಲ್ಲ. ತೆಪ್ಪ ನಿಂತ ಮಾತ್ರಕ್ಕೆ ನೀವು ಬಚಾವ್ ಅಲ್ಲ.

ನೀವು ತೆಪ್ಪದ ಮೇಲೆ ಇದ್ದರೆ ಶಾರ್ಕ್ ತೆಪ್ಪ ಕಚ್ಚುತ್ತದೆ. ನೀರಿಗೆ ಇಳಿದರೆ ನಿಮ್ಮ ಹಿಂದೆ ಬರುತ್ತದೆ. ಹಾಗಾಗಿ ಆಂಕರ್ ಹಾಕಿದ ಮೇಲೆ ನಾನು ಮೊದಲು ಮಾಡುವ ಕೆಲಸ ಶಾರ್ಕ್ ಬೇಟೆ. ತೆಪ್ಪದ ಅಂಚಿನಲ್ಲಿ ನಿಂತು, ಅದು ಫೌಂಡೇಶನ್‌ಗೆ ಬಾಯಿ ಹಾಕಿ ಅಲ್ಲಾಡಿಸುವಾಗ ಈಟಿಯಲ್ಲಿ ತಿವಿಯಬಹುದು, ಆದರೆ ಎರಡು ಮೂರು ಏಟು ಬಿದ್ದರೆ ಬಿಟ್ಟು ಓಡುತ್ತದೆ. ಕೊಲ್ಲಬೇಕು ಅಂದರೆ ನೀರಿಗೆ ಇಳಿಯುವುದೇ ವಾಸಿ. ಅದು ಸುತ್ತು ಹಾಕಿ ನೇರ ನಿಮ್ಮ ಕಡೆ ತಿರುಗುತ್ತದೆ, ಬಾಯಿ ತೆರೆಯುತ್ತದೆ, ಆ ಗಳಿಗೆಯಲ್ಲಿ ಒಂದು ತಿವಿತ ತಿವಿದು ಪಕ್ಕಕ್ಕೆ ಸರಿಯಬೇಕು. ಬೇಗ ತಿವಿದರೆ ಈಟಿ ತಾಗುವುದಿಲ್ಲ, ತಡವಾದರೆ ಕಚ್ಚಿಸಿಕೊಳ್ಳುತ್ತೀರಿ. ಒಂದೆರಡು ಸಲ ಆದರೆ ತಾಳ ಸಿಗುತ್ತದೆ.

ಸತ್ತ ಮೇಲೆ ಮಾಂಸ ಕಿತ್ತುಕೊಳ್ಳಿ. ಹೊಸ ಶಾರ್ಕ್ ಬರಲು ಕೆಲವು ನಿಮಿಷ ಬೇಕು. ಆ ಬಿಡುವಿನಲ್ಲೇ ತಳದ ಕೆಲಸ. ಮೊದಲು ಆಳದಲ್ಲಿ ಇರುವುದನ್ನು ಕೀಳಿ, ಮೇಲಿನ ಬಂಡೆಗಳ ಸಂದಿನಲ್ಲಿ ಇರುವುದು ಕೊನೆಗೆ. ಹೊಸ ಶಾರ್ಕ್ ಬಂದಾಗ ನೀವು ದಡದ ಹತ್ತಿರ ಇರುತ್ತೀರಿ.

ಕೊಲ್ಲುವುದು ಕಷ್ಟ ಅನಿಸಿದರೆ ಶಾರ್ಕ್ ಬೇಟ್ (ಶಾರ್ಕ್‌ಗೆ ಹಾಕುವ ಆಮಿಷ) ಎಸೆಯಿರಿ, ಅದು ಬೇಟ್ ಹತ್ತಿರ ಸ್ವಲ್ಪ ಹೊತ್ತು ಸಿಕ್ಕಿಕೊಂಡಿರುತ್ತದೆ.

ಗಾಳಿಪಟ77

ಬೇಟ್ ಮಾಡಲು ಮೀನು ಹಾಳು ಮಾಡಬೇಕಲ್ಲ, ನಾನು ಈಟಿ ಪಕ್ಷ.

ಮುಳುಗುತಜ್ಞ

ಮೀನು ಇನ್ನೊಂದು ಹಿಡಿಯಬಹುದು ಮಾರಾಯ್ರೆ. ಬ್ಯಾಗ್ ತುಂಬ ಅದಿರು ಇಟ್ಟುಕೊಂಡು ಸತ್ತರೆ ಅದು ಎಲ್ಲಿಂದ ಬರಬೇಕು?

ಅಲೆಲೆಕ್ಕ

ಕಾಯಂ ಆಂಕರ್ ಬಗ್ಗೆ ಯಾರೂ ಪೂರ್ತಿ ಹೇಳಿಲ್ಲ, ಅದನ್ನೂ ಬರೆದುಬಿಡುತ್ತೇನೆ.

ಒಂದೇ ಸಾಕು. ತೆಪ್ಪ ಎಷ್ಟೇ ದೊಡ್ಡದಾಗಲಿ, ಎರಡು ಮಹಡಿ ಕಟ್ಟಿ, ಹೊಲ ಮಾಡಿ, ಮೇಕೆ ಸಾಕಿದರೂ ಒಂದೇ ಆಂಕರ್ ಹಿಡಿದು ನಿಲ್ಲಿಸುತ್ತದೆ. ನಾಲ್ಕು ಮೂಲೆಗೆ ನಾಲ್ಕು ಹಾಕಿದವರನ್ನು ನೋಡಿದ್ದೇನೆ, ಅಂದಕ್ಕೆ ಅಂದರೆ ಸರಿ, ಕೆಲಸಕ್ಕೆ ಬೇಕಿಲ್ಲ.

ಜಾಗ ಮಾತ್ರ ಯೋಚನೆ ಮಾಡಿ ಇಡಿ. ಬಟನ್ ಒತ್ತಿ ಹಿಡಿದರೆ ರಾಟೆ ಸುತ್ತಿ ಲಂಗರು ಇಳಿಯುತ್ತದೆ, ಎತ್ತುವಾಗಲೂ ಹಾಗೆಯೇ. ಒಂದು ಒತ್ತಿಗೆ ಆಗುವ ಕೆಲಸ ಅಲ್ಲ. ನೀವು ಹಾಯಿ ಹತ್ತಿರ ನಿಂತು ದ್ವೀಪದ ಕಡೆ ತಿರುಗಿಸುತ್ತಾ ಇರುವಾಗ ಆಂಕರ್ ತೆಪ್ಪದ ಇನ್ನೊಂದು ತುದಿಯಲ್ಲಿ ಇದ್ದರೆ, ಓಡಿ ಹೋಗಿ ಇಳಿಸುವಷ್ಟರಲ್ಲಿ ದ್ವೀಪ ದಾಟಿರುತ್ತದೆ. ಹಾಯಿಯಿಂದ ನಾಲ್ಕು ಹೆಜ್ಜೆಯಲ್ಲಿ ಇರಲಿ. ಮುಂದೆ ಸ್ಟಿಯರಿಂಗ್ ವೀಲ್ ಬಂದಾಗ ಅದೂ ಆ ಮಗ್ಗುಲಲ್ಲೇ ಬರುವಂತೆ ಜಾಗ ಬಿಟ್ಟಿರಿ.

ಇನ್ನೊಂದು. ಶಾರ್ಕ್ ಒಂದು ಫೌಂಡೇಶನ್ ಮುರಿದರೆ ಅದರ ಮೇಲೆ ಇದ್ದ ಸಾಮಾನೂ ಹೋಗುತ್ತದೆ. ಶಾರ್ಕ್ ಕಚ್ಚುವುದು ಅಂಚಿನ ಫೌಂಡೇಶನ್‌ಗಳನ್ನು. ಆಂಕರ್ ಇರುವ ಅಂಚಿಗೆ ಮೊದಲು ಆರ್ಮರ್ (ಶಾರ್ಕ್ ಕಚ್ಚದಂತೆ ಕವಚ) ಹಾಕಿ. ಅದಕ್ಕೆ ಲೋಹದ ಗಟ್ಟಿ, ಮೊಳೆ ಬೇಕು. ಲೋಹ ಬಂದ ಹೊಸದರಲ್ಲಿ ಎಲ್ಲರೂ ಆಯುಧಕ್ಕೆ ಓಡುತ್ತಾರೆ, ಈ ಆರ್ಮರ್ ಮರೆಯುತ್ತಾರೆ. ಅಷ್ಟು ಕಷ್ಟಪಟ್ಟು ಮಾಡಿದ ಆಂಕರ್ ಶಾರ್ಕ್ ಬಾಯಿಗೆ ಹೋದರೆ ಹೊಟ್ಟೆ ಉರಿಯುತ್ತದೆ ಅಲ್ವಾ.

ತೇಲುಮರ

ಅಡ್ವಾನ್ಸ್ಡ್ ಅಂತ ಇನ್ನೊಂದು ಇದೆಯಂತಲ್ಲ?

ಅಲೆಲೆಕ್ಕ

ಇದೆ. ಕಥೆಯಲ್ಲಿ ತುಂಬಾ ಮುಂದೆ ಹೋದ ಮೇಲೆ ಅದರ ಬ್ಲೂಪ್ರಿಂಟ್ (ಮಾಡುವ ನಕ್ಷೆ) ಸಿಗುತ್ತದೆ. ಈಗ ಅದರ ಚಿಂತೆ ಬೇಡ. ನೀವು ಇನ್ನೂ ಕಥೆಯ ಮೊದಲ ಜಾಗ ರೇಡಿಯೋ ಟವರ್‌ಗೇ ಹೋಗಿಲ್ಲ ಅಂದುಕೊಂಡಿದ್ದೇನೆ.

ತೇಲುಮರ

ಹೋಗಿಲ್ಲ. ಅಲ್ಲಿಗೆ ದಾರಿ ತೋರಿಸುವ ರಿಸೀವರ್ ಇನ್ನೂ ಮಾಡಿಲ್ಲ.

ಹಳೇಹಲಗೆ

ಒಳ್ಳೆಯದೇ ಆಯಿತು. ಕಥೆಯ ಜಾಗಗಳಿಗೆ ಹೋಗುವ ಮುಂಚೆ ಕಾಯಂ ಆಂಕರ್ ಇರಲಿ ಅನ್ನುವುದು ನನ್ನ ಅಭಿಪ್ರಾಯ. ರೇಡಿಯೋ ಟವರ್ ಚಿಕ್ಕದು, ಹೇಗೋ ಆಗುತ್ತದೆ. ವಸಗಾಟನ್ ಹಡಗಿಗೆ ಹೋದರೆ ಒಳಗೇ ಎಷ್ಟೋ ಹೊತ್ತು ಸುತ್ತಬೇಕು, ಕೋಣೆಗಳು, ಬೀಗಗಳು, ಕತ್ತಲು, ಆ ದೊಡ್ಡ ಇಲಿಯಂಥ ಪ್ರಾಣಿಗಳು. ಬಾಲ್ಬೋವಾ ದ್ವೀಪ ಅಂತೂ ಕಾಡು, ಕರಡಿ ಬೇರೆ. ಅಲ್ಲೆಲ್ಲ ನಿಂತು "ತೆಪ್ಪ ಕಾಣುತ್ತಾ" ಅಂತ ಇಣುಕಿ ನೋಡುವ ಅವಕಾಶವೇ ಇರುವುದಿಲ್ಲ.

ಮಾಮೂಲಿ ದ್ವೀಪ ತಪ್ಪಿದರೆ ಇನ್ನೊಂದು ಸಿಗುತ್ತದೆ. ತೆಪ್ಪ ದೂರ ಹೋದಂತೆ ಹಿಂದಿನವು ಮಾಯವಾಗುತ್ತವೆ, ಮುಂದೆ ಹೊಸವು ಬರುತ್ತವೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ದಡಸೇರದವಳು

ನಾವು ನಾಲ್ಕು ಜನ ಸೇರಿ ಆಡುತ್ತೇವೆ. ನಮ್ಮಲ್ಲಿ ಆಂಕರ್ ಹಾಕುವುದು ಕಷ್ಟ ಅಲ್ಲ, ಎತ್ತುವವರೇ ಕಷ್ಟ. ಆಂಕರ್‌ಗೆ ಒಡೆಯ ಅಂತ ಯಾರೂ ಇಲ್ಲ, ಹತ್ತಿರ ಇದ್ದವರು ಯಾರು ಬೇಕಾದರೂ ಎತ್ತಬಹುದು. ಒಬ್ಬ ಇದ್ದಾನೆ, ಅವನ ಬ್ಯಾಗ್ ತುಂಬಿದ ತಕ್ಷಣ ಎಲ್ಲರ ಕೆಲಸ ಮುಗಿಯಿತು ಅಂತ ಲೆಕ್ಕ. ನಾನು ದ್ವೀಪದ ಗುಡ್ಡದ ಮೇಲೆ ಮರ ಕಡಿಯುತ್ತಾ ಇರುತ್ತೇನೆ. ಕೆಳಗೆ ನೋಡಿದರೆ ಹಾಯಿ ಬಿಚ್ಚಿದೆ, ತೆಪ್ಪ ಹೊರಟಿದೆ. ಹೆಡ್‌ಫೋನ್‌ನಲ್ಲಿ ಕಿರುಚಿದರೆ "ಓ, ನೀನು ಇನ್ನೂ ಅಲ್ಲೇ ಇದ್ದೀಯಾ" ಅನ್ನುತ್ತಾನೆ.

ಇದಕ್ಕೆ ಏನಾದರೂ ಪರಿಹಾರ ಇದೆಯಾ, ಅವನನ್ನು ಶಾರ್ಕ್‌ಗೆ ಹಾಕುವುದು ಬಿಟ್ಟು?

ಗಾಳಿಪಟ77

ಬಿಟ್ಟು ಅಂತ ಯಾಕೆ ಹೇಳಿದಿರಿ?

ಕೊಕ್ಕೆರಾಜ

ನಮ್ಮ ಗುಂಪಿನಲ್ಲಿ ನಿಯಮ ಸರಳ. ಆಂಕರ್ ಇಳಿಸಿದವರೇ ಎತ್ತಬೇಕು. ಎತ್ತುವ ಮುಂಚೆ ಹೆಸರು ಕೂಗಿ, ಒಬ್ಬೊಬ್ಬರೂ "ತೆಪ್ಪದ ಮೇಲೆ ಇದ್ದೇನೆ" ಅನ್ನಬೇಕು. "ಬಂದೆ ಬಂದೆ" ಅನ್ನುವುದು ಲೆಕ್ಕಕ್ಕಿಲ್ಲ. "ಬಂದೆ" ಅಂದವರು ಯಾವತ್ತೂ ಇನ್ನೂ ಎರಡು ಮರದ ದೂರದಲ್ಲಿ ಇರುತ್ತಾರೆ.

ಅಕಸ್ಮಾತ್ ಯಾರಾದರೂ ಉಳಿದುಬಿಟ್ಟರೆ ಹಾಯಿ ಹಿಂದಕ್ಕೆ ತಿರುಗಿಸಲು ಹೋಗಬೇಡಿ, ಹೊತ್ತು ಹೋಗುತ್ತದೆ. ಮೊದಲು ಆಂಕರ್ ಮತ್ತೆ ಇಳಿಸಿ. ನಿಂತ ತೆಪ್ಪಕ್ಕೆ ಈಜಿ ಬರುವುದು ಸುಲಭ, ಓಡುವ ತೆಪ್ಪದ ಹಿಂದೆ ಈಜುವುದು ಬರೀ ಗೋಳು. ಫ್ಲಿಪರ್ (ಈಜಲು ಕಾಲಿಗೆ ಹಾಕುವ ರೆಕ್ಕೆ) ಇದ್ದರೆ ಇನ್ನೂ ಬೇಗ. ಸತ್ತೇ ಹೋದರೆ ಉಳಿದವರು ಹೊತ್ತು ತಂದು ಹಾಸಿಗೆ ಮೇಲೆ ಮಲಗಿಸಿದರೆ ಎದ್ದು ಬರುತ್ತಾರೆ.

ಕಡಲದಾರಿ

ನಿಜವಾದ ಸಮುದ್ರದಲ್ಲೂ ಇದೇ ಕಥೆ ನಡೆದಿದೆ ಅಂತ ಗೊತ್ತಾ? 1947ರಲ್ಲಿ ಥಾರ್ ಹೆಯರ್ಡಾಲ್ ಮತ್ತು ಐವರು ಸಂಗಡಿಗರು ಪೆರುವಿನಿಂದ ಬಾಲ್ಸಾ ಮರದ ತೆಪ್ಪದಲ್ಲಿ ಪೆಸಿಫಿಕ್ ದಾಟಲು ಹೊರಟರು. ತೆಪ್ಪದ ಹೆಸರು ಕಾನ್ ಟಿಕಿ. ಹಾಯಿ ಇತ್ತು, ಗಾಳಿ ಮತ್ತು ಪ್ರವಾಹ ಒಯ್ದ ಕಡೆ ಹೋಗುವುದು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಮೂರು ತಿಂಗಳ ಮೇಲೆ ಕಂಡ ಮೊದಲ ದ್ವೀಪ ಪುಕಾಪುಕಾ. ಕಣ್ಣೆದುರೇ ಇದೆ, ಆದರೆ ತೆಪ್ಪ ತಿರುಗದು. ಹಾಗೇ ದಾಟಿ ಹೋಯಿತು.

ಆಮೇಲೆ ಅಂಗಾಟಾವ್ ದ್ವೀಪ. ಅಲ್ಲಿನ ಜನ ದೋಣಿಗಳಲ್ಲಿ ಬಂದು ಹಗ್ಗ ಕಟ್ಟಿ ಎಳೆದರೂ ತೆಪ್ಪವನ್ನು ದಡಕ್ಕೆ ತರಲು ಆಗಲಿಲ್ಲ. ಆ ಗಡಿಬಿಡಿಯಲ್ಲಿ ಕ್ನುಟ್ ಹೌಗ್ಲಂಡ್ ಅನ್ನುವವರು ರಬ್ಬರ್ ದೋಣಿಯಲ್ಲಿ ದಡಕ್ಕೆ ಹೋಗಿಬಿಟ್ಟಿದ್ದರು. ತೆಪ್ಪ ದೂರ ಸರಿಯುತ್ತಾ ಇದೆ, ಒಬ್ಬ ದ್ವೀಪದಲ್ಲಿ. ದಡಸೇರದವಳು ಅವರ ಪರಿಸ್ಥಿತಿಯೇ! ಕೊನೆಗೆ ದ್ವೀಪದವರೇ ಅವರನ್ನು ಕತ್ತಲಲ್ಲಿ ದೋಣಿಯಲ್ಲಿ ವಾಪಸ್ ತಂದುಬಿಟ್ಟರು.

101ನೇ ದಿನ, ಆಗಸ್ಟ್ 7ಕ್ಕೆ, ರರೋಯಾ ಹವಳದ ದಿಬ್ಬಕ್ಕೆ ಬಡಿಯುವುದು ಖಾತ್ರಿ ಆಯಿತು. ಅವರ ಹತ್ತಿರ ಸರಿಯಾದ ಲಂಗರು ಇರಲಿಲ್ಲ. ಖಾಲಿ ನೀರಿನ ಡಬ್ಬಗಳಿಗೆ ಮುಗಿದ ರೇಡಿಯೋ ಬ್ಯಾಟರಿ ಮತ್ತು ಭಾರದ ಹಳೆ ಸಾಮಾನು ತುಂಬಿ, ಅಡ್ಡಡ್ಡ ಮ್ಯಾಂಗ್ರೋವ್ ಮರದ ಕೋಲು ಸಿಕ್ಕಿಸಿ, ಇದ್ದುದರಲ್ಲಿ ದಪ್ಪ ಹಗ್ಗ ಕಟ್ಟಿ ಒಂದು ಲಂಗರು ಮಾಡಿಕೊಂಡರು. ಕ್ರಾಫ್ಟಿಂಗ್ ಮೆನು ತೆರೆದ ಹಾಗೇ ಇದೆ ನೋಡಿ. ಅದು ತೆಪ್ಪವನ್ನು ನಿಲ್ಲಿಸಲಿಲ್ಲ, ಆದರೆ ಹಿಂಬದಿ ಮೊದಲು ದಿಬ್ಬದ ಕಡೆ ಬರುವಂತೆ ತಿರುಗಿಸಿತು. ತೆಪ್ಪ ದಿಬ್ಬಕ್ಕೆ ಅಪ್ಪಳಿಸಿತು. ಆರೂ ಜನ ಬದುಕಿದರು.

ಸುಮ್ನೆ_ನೋಡುವವ

ಬ್ಯಾಟರಿಯಿಂದ ಎಸೆಯುವ ಆಂಕರ್! ಇದನ್ನು ಡೆವಲಪರ್‌ಗಳಿಗೆ ಯಾರಾದರೂ ಹೇಳಿ.

ಅಲೆಲೆಕ್ಕ

ಕಡಲದಾರಿ ಸರ್, ಒಂದು ಸಂಶಯ. ಗೇಮ್‌ನಲ್ಲಿ ಲಂಗರು ನೇರ ಕೆಳಗೆ ಇಳಿದು ನಿಲ್ಲುತ್ತದೆ. ನಿಜವಾಗಿ ಹಾಗೆ ನಿಲ್ಲುತ್ತದಾ?

ಕಡಲದಾರಿ

ಇಲ್ಲ. ತುಂಬಾ ಜನ ಲಂಗರಿನ ಭಾರವೇ ಹಡಗನ್ನು ಹಿಡಿದಿಡುತ್ತದೆ ಅಂದುಕೊಳ್ಳುತ್ತಾರೆ. ಹಿಡಿಯುವುದು ಅದರ ಕೊಕ್ಕೆ ತಳದ ಮಣ್ಣಿಗೆ ಕಚ್ಚಿಕೊಂಡಾಗ. ಕಚ್ಚಬೇಕು ಅಂದರೆ ಎಳೆತ ನೆಲಕ್ಕೆ ಸಮನಾಗಿ, ಅಡ್ಡಡ್ಡ ಬರಬೇಕು. ಮೇಲಕ್ಕೆ ಎಳೆದರೆ ಕಿತ್ತು ಬರುತ್ತದೆ. ಎತ್ತುವಾಗ ಮಾಡುವುದೂ ಅದನ್ನೇ, ನೇರ ಮೇಲಕ್ಕೆ ಬಂದು ಎಳೆಯುತ್ತಾರೆ. ಅದಕ್ಕೇ ಚಿಕ್ಕ ದೋಣಿಗಳಲ್ಲಿ ನೀರಿನ ಆಳದ ಐದರಿಂದ ಏಳು ಪಟ್ಟು ಹಗ್ಗ ಅಥವಾ ಸರಪಳಿ ಬಿಡುತ್ತಾರೆ. ಹತ್ತು ಮೀಟರ್ ಆಳ ಇದ್ದರೆ ಐವತ್ತರಿಂದ ಎಪ್ಪತ್ತು ಮೀಟರ್. ಹಾಗೆ ನಿಲ್ಲಿಸಿದ ದೋಣಿ ಗೂಟಕ್ಕೆ ಕಟ್ಟಿದ ಎಮ್ಮೆ ಥರ, ಗಾಳಿ ತಿರುಗಿದಂತೆ ಹಗ್ಗದಷ್ಟು ದೂರ ಸುತ್ತು ಹಾಕುತ್ತಾ ಇರುತ್ತದೆ. ಗೇಮ್‌ನಲ್ಲಿ ತೆಪ್ಪ ಇದ್ದಲ್ಲೇ ನಿಲ್ಲುತ್ತದೆ, ಆಡಲು ಅದೇ ಒಳ್ಳೆಯದು ಬಿಡಿ.

ನಡುಸಮುದ್ರದ ಮಾತು ಬೇರೆ. ಸಾಗರದ ಸರಾಸರಿ ಆಳ ಸುಮಾರು 3,700 ಮೀಟರ್. ಅಷ್ಟು ಹಗ್ಗ ಯಾರು ಹೊರುತ್ತಾರೆ? ಅಲ್ಲಿ ಬಳಸುವುದು ಸೀ ಆಂಕರ್. ಗಟ್ಟಿ ಬಟ್ಟೆಯ ಚೀಲ ಅಥವಾ ಪ್ಯಾರಾಚೂಟ್ ಥರದ್ದು. ನೀರಿನಲ್ಲಿ ಬಿಚ್ಚಿಕೊಂಡು ಎಳೆತಕ್ಕೆ ತಡೆ ಒಡ್ಡುತ್ತದೆ. ನಿಲ್ಲಿಸುವುದಿಲ್ಲ, ತೇಲಿ ಹೋಗುವುದನ್ನು ನಿಧಾನ ಮಾಡುತ್ತದೆ, ಅಲೆಗೆ ಅಡ್ಡಲಾಗಿ ತಿರುಗಿ ಮಗುಚದಂತೆ ನೋಡಿಕೊಳ್ಳುತ್ತದೆ. ಹಡಗುಗಳಲ್ಲಿ ಇಡುವ ಜೀವರಕ್ಷಕ ತೆಪ್ಪಗಳಿಗೆ ಇಂಥ ಎರಡು ಸೀ ಆಂಕರ್ ಇರಲೇಬೇಕು ಅಂತ ಅಂತರರಾಷ್ಟ್ರೀಯ ನಿಯಮವೇ ಇದೆ. ಹಡಗು ಮುಳುಗಿದ ಜಾಗದಿಂದ ದೂರ ಹೋಗದಿದ್ದರೆ ಹುಡುಕುವವರಿಗೆ ಸಿಗುತ್ತೀರಿ.

ಗಾಳಿಪಟ77

ಗೇಮ್‌ನಲ್ಲಿ ಇಂಥದ್ದು ಇದ್ದಿದ್ದರೆ ಚೆನ್ನಾಗಿತ್ತು. ಪೂರ್ತಿ ನಿಲ್ಲಬಾರದು, ನಿಧಾನ ಆಗಬೇಕು ಅಷ್ಟೆ. ತೇಲಿ ಬರುವ ಪೆಟ್ಟಿಗೆ, ಪೀಪಾಯಿ ಎಲ್ಲ ಕೊಕ್ಕೆಗೆ ಆರಾಮಾಗಿ ಸಿಗುತ್ತಿತ್ತು.

ತೇಲುಮರ

ಈಗಿನ ಸ್ಥಿತಿ ಹೇಳುತ್ತೇನೆ. ಕೊಕ್ಕೆರಾಜರು ಹೇಳಿದ ಹಾಗೆ ಗಾಳಿ ಬರುವ ಮಗ್ಗುಲಿನಿಂದ ಬಂದು ಚಿಕ್ಕ ದ್ವೀಪಕ್ಕೆ ಒತ್ತಿ ನಿಲ್ಲಿಸಿದೆ. ನಿಂತಿತು! ಕಲ್ಲು ಸಿಕ್ಕಿತು. ಆ ಕಲ್ಲಿನಿಂದ ಆಂಕರ್ ಮಾಡಿ ದೊಡ್ಡ ದ್ವೀಪದ ಹತ್ತಿರ ಎಸೆದೆ. ಮರಳು, ಜೇಡಿಮಣ್ಣು ಸಾಕಷ್ಟು ಬಂತು. ಹಸಿ ಇಟ್ಟಿಗೆಗಳನ್ನು ತೆಪ್ಪದ ಮೇಲೆ ಸಾಲಾಗಿ ಒಣಗಲು ಇಟ್ಟಿದ್ದೇನೆ.

ಆದರೆ ಈ ದ್ವೀಪ ಎತ್ತರದ್ದು. ಮೇಲೆ ಹತ್ತಿದರೆ ಒಂದು ದೊಡ್ಡ ಹಕ್ಕಿ ಕಲ್ಲು ಎತ್ತಿ ತಂದು ತಲೆ ಮೇಲೆ ಹಾಕುತ್ತದೆ. ಆಂಕರ್ ಹಾಕಿದ್ದೇನಲ್ಲ, ಬಿಟ್ಟು ಹೊರಟರೆ ದಂಡ. ಇರಬೇಕಾ, ಹೊರಡಬೇಕಾ?

ಮುಳುಗುತಜ್ಞ

ಅದು ಸ್ಕ್ರೀಚರ್. ಮೇಲೆ ನೋಡುತ್ತಾ ನಡೆಯಿರಿ. ಅದು ತಲೆಯ ಮೇಲೆ ಬಂದು ಒಂದು ಗಳಿಗೆ ನಿಂತೇ ಕಲ್ಲು ಬಿಡುವುದು. ಆಗ ಪಕ್ಕಕ್ಕೆ ಓಡಿ. ಬಿದ್ದ ಕಲ್ಲನ್ನು ಒಡೆದರೆ ನಿಮಗೇ ಸಾಮಾನು.

ಆದರೆ ನಿಮ್ಮ ಪ್ರಶ್ನೆ ಬೇರೆ ಅಲ್ವಾ. "ಆಂಕರ್ ಹಾಕಿದ್ದೇನೆ, ಅದಕ್ಕೇ ಇರಬೇಕು" ಅನ್ನುವುದು ಸರಿಯಲ್ಲ. ನಿಂತಷ್ಟೂ ಹೊತ್ತು ಹೊಟ್ಟೆ ಹಸಿಯುತ್ತದೆ, ಬಾಯಾರುತ್ತದೆ, ಕಡಲಹಕ್ಕಿ ನಿಮ್ಮ ಗಿಡಕ್ಕೆ ಬಾಯಿ ಹಾಕುತ್ತದೆ, ಹೊಸ ಶಾರ್ಕ್ ಬಂದು ಫೌಂಡೇಶನ್ ಎಣಿಸುತ್ತದೆ. ತಳದಲ್ಲಿ ಸಾಮಾನು ಉಳಿದಿದೆ, ನೀರು ತುಂಬಿಟ್ಟಿದೆ ಅಂದರೆ ಇರಿ. ಮರದ ಬುಡ ಸುತ್ತುವುದು ಮಾತ್ರ ಬಾಕಿ ಅಂದರೆ ಹೊರಡಿ.

ಉಪ್ಪುನೀರು

ನಾನು ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಇಟ್ಟಿಗೆ ಒಣಗಲು ಹೇಗೂ ಹೊತ್ತು ಬೇಕು. ಆ ಹೊತ್ತಿನಲ್ಲಿ ಇನ್ನೊಂದು ಸಲ ಮುಳುಗಿ ಲೋಹದ ಅದಿರು, ತಾಮ್ರದ ಅದಿರು, ಕಡಲಪಾಚಿ ತನ್ನಿ. ಪಾಚಿ ಈಗ ಕೆಲಸಕ್ಕೆ ಬಾರದ್ದು ಅನಿಸಬಹುದು. ಸ್ಮೆಲ್ಟರ್ ಆದ ಮೇಲೆ ಅದರಿಂದಲೇ ಅಂಟು ಬರುತ್ತದೆ, ಫ್ಲಿಪರ್‌ಗೆ ಆ ಅಂಟೇ ಬೇಕು. ಮರಳು ಮಾತ್ರ ಹೊತ್ತು ತಂದು, ಸ್ಮೆಲ್ಟರ್ ಉರಿಸಿ, ಒಳಗೆ ಹಾಕಲು ಏನೂ ಇಲ್ಲದೆ ಮುಂದಿನ ದ್ವೀಪ ಕಾಯುವುದು ತುಂಬಾ ಜನರ ಹಣೆಬರಹ. ಆ ಮುಂದಿನ ದ್ವೀಪಕ್ಕೆ ಮತ್ತೊಂದು ಆಂಕರ್ ದಂಡ ಆಗುತ್ತದೆ.

ಕೊಕ್ಕೆರಾಜ

ಕೊನೆಗೂ "ದಂಡ" ಅಂತ ನಿಮ್ಮ ಬಾಯಲ್ಲೇ ಬಂತು ನೋಡಿ.

ಉಪ್ಪುನೀರು

ಪಟ್ಟಿ ಇಲ್ಲದೆ ಎಸೆದರೆ ದಂಡ, ಪಟ್ಟಿ ಇಟ್ಟುಕೊಂಡು ಎಸೆದರೆ ಲಾಭ. ಮೊದಲಿಂದಲೂ ಅದನ್ನೇ ಹೇಳುತ್ತಿದ್ದೇನೆ.

ದಡಸೇರದವಳು

ಎಂಜಿನ್ ಬಂದ ಮೇಲೆ ಇದೆಲ್ಲ ಸುಲಭ ಆಗುತ್ತದಾ? ನಮ್ಮ ತೆಪ್ಪ ತುಂಬಾ ದೊಡ್ಡದಾಗಿದೆ. ದ್ವೀಪದ ಹತ್ತಿರ ನಿಲ್ಲಿಸುವಾಗ ಒಮ್ಮೊಮ್ಮೆ ಮುಂದಕ್ಕೆ ಹೋಗಿಬಿಡುತ್ತೇವೆ.

ಅಲೆಲೆಕ್ಕ

ಸುಲಭ ಆಗುತ್ತದೆ. ಗಾಳಿಯ ಹಂಗಿಲ್ಲದೆ ಯಾವ ಕಡೆಯಿಂದ ಬೇಕಾದರೂ ಬರಬಹುದು. ಆದರೆ ಒಂದು ಎಂಜಿನ್ ಎಳೆಯುವುದು 100 ಫೌಂಡೇಶನ್‌ವರೆಗೆ. ಅದಕ್ಕಿಂತ ದೊಡ್ಡದಾದರೆ ಎರಡನೆಯದು ಬೇಕು, ಇಲ್ಲದಿದ್ದರೆ ಜಗ್ಗುವುದಿಲ್ಲ. ಫೌಂಡೇಶನ್ ಅಂದರೆ ನೀರಿಗೆ ತಾಗುವ ಕೆಳಗಿನ ಪದರ, ಮೇಲಿನ ಮಹಡಿಯ ನೆಲ ಲೆಕ್ಕಕ್ಕೆ ಬರುವುದಿಲ್ಲ.

ಎಂಜಿನ್‌ಗೆ ಹಿಂದೆ ಹೋಗುವ ಲಿವರ್ ಕೂಡ ಇದೆ. ಮುಂದೆ ಹೋಗಿಬಿಟ್ಟರೆ ಪೂರ್ತಿ ಸುತ್ತು ಹಾಕಿ ಬರುವ ಬದಲು ಹಿಂದಕ್ಕೆ ಬನ್ನಿ. ನಾನು ಮಾಡುವುದು ಹೀಗೆ: ದ್ವೀಪದ ಮರದ ಎಲೆಗಳು ಬಿಡಿಬಿಡಿಯಾಗಿ ಕಾಣಲು ಶುರುವಾದಾಗ ಎಂಜಿನ್ ಆರಿಸುತ್ತೇನೆ. ಉಳಿದ ದೂರ ತೆಪ್ಪ ತಾನೇ ತೇಲಿ ಹೋಗಲಿ. ಬಂಡೆಯ ನೆರಳು ನೀರಿನಲ್ಲಿ ಕಂಡ ಕೂಡಲೇ ಆಂಕರ್. ತೀರಾ ತಾಗುವವರೆಗೆ ಕಾಯಬೇಡಿ. ತೆಪ್ಪಕ್ಕೂ ಬಂಡೆಗೂ ನಡುವೆ ಸ್ವಲ್ಪ ನೀರು ಇದ್ದರೆ ಮುಳುಗಿ ಏಳಲು ಜಾಗ ಇರುತ್ತದೆ. ಏಣಿಯನ್ನೂ ಆ ಮಗ್ಗುಲಿಗೇ ಇಡಿ.

ದಡಸೇರದವಳು

ಏಣಿ ಈಗ ಆಂಕರ್‌ನ ಎದುರು ಮಗ್ಗುಲಲ್ಲಿ ಇದೆ. ಬದಲಿಸುತ್ತೇವೆ. ಮತ್ತೆ, ಆ ಹುಡುಗನಿಗೆ ಈ ಚರ್ಚೆಯ ಲಿಂಕ್ ಕಳಿಸಿದೆ. "ನಾನು ಯಾವತ್ತು ಹಾಗೆ ಮಾಡಿದ್ದೇನೆ" ಅನ್ನುತ್ತಿದ್ದಾನೆ.

ತೇಲುಮರ

ಇಟ್ಟಿಗೆ ಒಣಗಿತು. ಸ್ಮೆಲ್ಟರ್ ಇಟ್ಟೆ, ಮೊದಲ ಅದಿರು ಒಳಗೆ ಹೋಗಿದೆ. ಇದಕ್ಕೆ ಬೆಂಕಿಗೆ ಹಲಗೆಯನ್ನೇ ಹಾಕಬೇಕಾ?

ಹಳೇಹಲಗೆ

ಹೌದು, ಹಲಗೆಯೇ. ಮರ ಕಡಿಯುವಾಗ ಸ್ವಲ್ಪ ಜಾಸ್ತಿ ತಂದಿಟ್ಟುಕೊಳ್ಳಿ.